ಮಳೆಯಲ್ಲಿ ಮಾತ್ರ ಉಕ್ಕುವ ಮ್ಯಾನ್‌ಹೋಲ್

ಚಿಕ್ಕಮಗಳೂರಿನಲ್ಲಿ ಜೋರು ಮಳೆ ಹೊಡೆದಾಗಲೆಲ್ಲ ಮನೆಯೆದುರಿನ ಮ್ಯಾನ್‌ಹೋಲ್ ಉಕ್ಕುತ್ತದೆ, ಬೇಸಿಗೆಯಲ್ಲಿ ತೊಂದರೆಯಿಲ್ಲ, ದೊಡ್ಡ ಪೈಪಿಗೆ ಒತ್ತಾಯಿಸಬೇಕೇ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ನಿಮ್ಮ ಬೀದಿಯ ತಾರಸಿ ಪೈಪುಗಳು ಎಲ್ಲಿಗೆ ಇಳಿಯುತ್ತವೆ ಎಂದು ನೋಡಿ ಬನ್ನಿ. ನಿಮ್ಮ ಮನೆಯದನ್ನೂ ಸೇರಿಸಿ!

ಒಳಚರಂಡಿ ಇರುವುದು ಕೊಳಚೆಗೆ. ಮಳೆನೀರು ರಸ್ತೆ ಬದಿಯ ಚರಂಡಿಗೆ ಹೋಗಬೇಕು. ಐದು ಜನರ ಮನೆಯಲ್ಲಿ ತಲಾ 135 ಲೀಟರ್ ಬಳಕೆ, ಅದರಲ್ಲಿ ಶೇ. 80ರಷ್ಟು ಹೊರಕ್ಕೆ ಎಂದು ಹಿಡಿದರೆ ದಿನಕ್ಕೆ 540 ಲೀಟರ್ ಕೊಳಚೆ. ಅದೇ ಮನೆಯ 100 ಚದರ ಮೀಟರ್ ತಾರಸಿಯ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಸುರಿದರೆ 5,000 ಲೀಟರ್. ಒಂಬತ್ತು ದಿನದ ಕೊಳಚೆಯಷ್ಟು ನೀರು ಒಂದೇ ಗಂಟೆಯಲ್ಲಿ! ಹತ್ತು ಮನೆಯವರು ತಾರಸಿ ಪೈಪನ್ನು ಒಳಚರಂಡಿಗೆ ಜೋಡಿಸಿಕೊಂಡರೆ ದೊಡ್ಡ ಪೈಪೂ ಕೈಚೆಲ್ಲುತ್ತದೆ.

ರಸ್ತೆಯಲ್ಲಿ ನಿಂತ ನೀರು ಇಳಿಯಲೆಂದು ಮುಚ್ಚಳ ಎತ್ತುವ ಪರೋಪಕಾರಿಗಳು ಇನ್ನೊಂದು ಕಾಟ. ನೀರಿನ ಜೊತೆ ಮರಳು, ಎಲೆ, ಹಾಲಿನ ಪ್ಯಾಕೆಟ್ಟು ಎಲ್ಲವೂ ಒಳಗೆ ಹೋಗಿ ಕೂರುತ್ತವೆ.

ಮಳೆ ನಿಂತ ಮೇಲೂ ಉಕ್ಕುತ್ತಿದ್ದರೆ ಕಟ್ಟಿಕೊಂಡಿದೆ ಎಂದರ್ಥ. ಇಳಿಜಾರಿನ ಮುಂದಿನ ಮ್ಯಾನ್‌ಹೋಲ್ ಖಾಲಿಯಿದ್ದರೆ ಅಡಚಣೆ ಇವೆರಡರ ನಡುವೆ. ಅದೂ ತುಂಬಿದ್ದರೆ ಇನ್ನೂ ಕೆಳಗೆ. ಇದನ್ನು ನಗರಸಭೆಯ ಸಿಬ್ಬಂದಿಯಿಂದಲೇ ನೋಡಿಸಿ, ರಭಸದ ನೀರು ಹಾಯಿಸಿ ಅಡಚಣೆ ಬಿಡಿಸುವ ಜೆಟ್ಟಿಂಗ್ ಯಂತ್ರ ಕೇಳಿ. ಯಾರನ್ನೂ ಒಳಗೆ ಇಳಿಸಬೇಡಿ: ವಿಷಾನಿಲ ಕ್ಷಣದಲ್ಲಿ ಕೊಲ್ಲುತ್ತದೆ, ಸುರಕ್ಷಾ ಸಲಕರಣೆಯಿಲ್ಲದೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಸ್ನಾನದ ಮನೆ ರಸ್ತೆಗಿಂತ ತಗ್ಗಿನಲ್ಲಿದ್ದರೆ ಹೊರಹೋಗುವ ಪೈಪಿಗೆ, ಕೊಳಚೆ ಹಿಂದಕ್ಕೆ ಬಾರದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಹಾಕಿಸಿ. ಜೂನ್‌ಗೆ ಮೊದಲೇ ಆಗಲಿ.