ಕಾಸರಗೋಡಿನ ಕಾಲೇಜಿನಲ್ಲಿ ಮೊದಲ ಆರು ವಾರ

ಕನ್ನಡ ಮಾಧ್ಯಮದ ಮಕ್ಕಳು ಡಿಗ್ರಿಗೆ ಸೇರಿ ಅರ್ಧದಲ್ಲೇ ಬಿಡುವುದು ಯಾಕೆ, ಕಾಲೇಜಿನವರು ಏನೂ ಮಾಡುವುದಿಲ್ಲವೇ ಎಂದು ಕೇಳಿದ್ದೀರಿ. ಮಾಡುತ್ತಾರೆ. ಒಂದೊಂದು ಕ್ಲಾಸಿನ ಹೊಣೆ ಹೊತ್ತ ಟ್ಯೂಟರ್, ಕೌನ್ಸೆಲರ್, ಸ್ಕಾಲರ್‌ಶಿಪ್ ಸೆಕ್ಷನ್, ಓದಿನಲ್ಲಿ ಹಿಂದೆ ಬಿದ್ದವರಿಗೆ ಪ್ರತ್ಯೇಕ ಪಾಠ, ಎಲ್ಲವೂ ಇದೆ. ಆದರೆ ಇದೆ ಎನ್ನುವ ಸುದ್ದಿ ಇಲ್ಲಿ ಮಲಯಾಳದಲ್ಲಿ ಬರುತ್ತದೆ. ತಡವಾಗಿ ಬರುತ್ತದೆ, ಅದೂ ಕೊನೆಯ ಬಸ್ಸು ಹೋದ ಮೇಲೆ.

ಮೊದಲು ಇಲ್ಲಿಯ ಭಾಷೆಯ ಲೆಕ್ಕ ತಿಳಿದುಕೊಳ್ಳಿ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಹಾಗೆಂದು ಆ ಮಕ್ಕಳ ಮನೆಮಾತು ಪುಸ್ತಕದ ಕನ್ನಡವೇ ಎಂದುಕೊಳ್ಳಬೇಡಿ. ತುಳು, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಯಾವುದೂ ಇರಬಹುದು. ಕನ್ನಡ ಶಾಲೆಯ ಭಾಷೆ, ಮಲಯಾಳ ಪೇಟೆಯ ಭಾಷೆ. ಡಿಗ್ರಿಗೆ ಬಂದರೆ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಮೀನು ಕೊಳ್ಳುವಷ್ಟು ಮಲಯಾಳ ಗೊತ್ತಿರುವ ಹುಡುಗಿಗೆ ಅರ್ಥಶಾಸ್ತ್ರದ ಮಲಯಾಳ ಗೊತ್ತಿರಬೇಕೆಂದಿಲ್ಲ.

ನೋಟಿಸ್ ಬೋರ್ಡಿನ ಒಂದು ಸಾಲು ನೋಡಿ, ಮೈಕಿನಲ್ಲಿಯೂ ಇದನ್ನೇ ಹೇಳುತ್ತಾರೆ: 'ಅಪೇಕ್ಷ ಸಮರ್ಪಿಕ್ಕಾನುಳ್ಳ ಅವಸಾನ ಅವಸರಂ'. ಅರ್ಜಿ ಹಾಕಲು ಕೊನೆಯ ಅವಕಾಶ ಎಂದರ್ಥ. ಕನ್ನಡದ ಕಿವಿಗೆ ಕೇಳುವುದು ಅಪೇಕ್ಷೆ, ಅವಸಾನ, ಅವಸರ. ಮೂರೂ ಪರಿಚಯದ ಪದಗಳೇ, ಮೂರೂ ಸೇರಿ ಎಳೆಯುವುದು ಬೇರೆಲ್ಲಿಗೋ! ಹೊಸ ಪದವಾದರೆ ಪಕ್ಕದವರನ್ನು ಕೇಳುತ್ತಾರೆ; ಗೊತ್ತಿದೆ ಎನಿಸಿದ ಪದವನ್ನು ಯಾರೂ ಕೇಳುವುದಿಲ್ಲ. ಸ್ಕಾಲರ್‌ಶಿಪ್ ತಪ್ಪುವುದು ಹೀಗೂ ಉಂಟು.

ಹಾಗಾಗಿ ಮೊದಲ ಕೆಲಸ ಅಡ್ಮಿಷನ್ ದಿನವೇ ಆಗಬೇಕು. ಅರ್ಧ ಹಾಳೆಯ ಒಂದು ಫಾರ್ಮ್ ಸಾಕು: ಮನೆಮಾತು, ಹತ್ತನೆಯವರೆಗಿನ ಮಾಧ್ಯಮ, ಮಲಯಾಳ ಓದಲು ಬರುತ್ತದೆಯೇ, ಇಳಿಯುವ ಬಸ್‌ಸ್ಟಾಪು, ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ಮನೆಯಲ್ಲಿ ಫೋನ್ ಎತ್ತುವವರು ಯಾರು, ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು. ಜಾತಿ, ಆದಾಯ ಬೇರೆ ಅರ್ಜಿಯಲ್ಲಿ ಹೇಗೂ ಇರುತ್ತದೆ. ಈ ಹಾಳೆ ಆಫೀಸಿನ ಕಪಾಟು ಸೇರಿದರೆ ಪ್ರಯೋಜನವಿಲ್ಲ, ಟ್ಯೂಟರ್ ಕೈಯಲ್ಲಿರಬೇಕು.

ಜುಲೈ, ಆಗಸ್ಟಿನಲ್ಲಿ ಹೆಸರು ಕಡಿಮೆಯಾದುದನ್ನೆಲ್ಲ 'ಬಿಟ್ಟರು' ಎಂದು ಬರೆದುಕೊಳ್ಳಬಾರದು. ಸೀಟು ಹಂಚುವ ಮುಂದಿನ ಅಲಾಟ್‌ಮೆಂಟಿನಲ್ಲಿ ಬೇರೆ ಕಾಲೇಜು ಸಿಕ್ಕಿ ಟಿ.ಸಿ. ತೆಗೆದುಕೊಂಡವರು, ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿ ಹೋದವರು ಬೇರೆ ಲೆಕ್ಕ. ಟಿ.ಸಿ. ಕೇಳದೆ, ಏನೂ ಹೇಳದೆ ನಿಂತವರೇ ನಿಜವಾದ ಚಿಂತೆ. ಅವರನ್ನು ಹಿಡಿಯಲು ಇರುವ ಉಪಾಯ ಒಂದೇ. ಸತತ ಮೂರು ದಿನ ಕಾಣದಿದ್ದರೆ ನಾಲ್ಕನೆಯ ದಿನ ಮನೆಗೆ ಫೋನು, ಅವರ ಭಾಷೆಯಲ್ಲಿ. ಟ್ಯೂಟರಿಗೆ ಕನ್ನಡ, ತುಳು ಬಾರದಿದ್ದರೆ ಕನ್ನಡ ವಿಭಾಗದವರೋ ಆಫೀಸಿನಲ್ಲಿ ಭಾಷೆ ಬಲ್ಲವರೋ ಮಾಡಬೇಕು. ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಮೆಸೇಜ್ ಹಾಕಿದ್ದು ಫೋನ್ ಮಾಡಿದ ಲೆಕ್ಕಕ್ಕೆ ಬರುವುದಿಲ್ಲ. 'ಯಾಕೆ ಬರಲಿಲ್ಲ' ಎಂದು ಶುರುಮಾಡಿದರೆ ಆ ಕಡೆ ಅಮ್ಮ ಹೆದರಿ 'ಜ್ವರ' ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. 'ಇಂಟರ್ನಲ್ ಪರೀಕ್ಷೆ ಇಂಥ ದಿನ ಉಂಟು, ಅವನಿಗೆ ಹೇಳಿ' ಎಂದರೆ ನಿಜ ಸಂಗತಿ ತಾನಾಗಿ ಬರುತ್ತದೆ.

ನಿಜ ಸಂಗತಿ ಅನೇಕ ಸಲ ಅಡಿಕೆಯೇ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ಮದ್ದು ಮಳೆ ಹಿಡಿಯುವ ಮೊದಲು ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ ಸಿಂಪಡಿಸಬೇಕು. ಈ ಎರಡನೆಯದು ಬರುವುದು ಡಿಗ್ರಿ ಕ್ಲಾಸು ಶುರುವಾದ ಮೊದಲ ವಾರಗಳಲ್ಲೇ. ಮಳೆ ನಿಂತು ಹೊಳವಾದ ದಿನ ಮದ್ದು ಸಿಂಪಡಿಸದಿದ್ದರೆ ಬೆಳೆ ಹೋಯಿತು, ಆ ದಿನ ಹುಡುಗ ತೋಟದಲ್ಲಿರುತ್ತಾನೆ. ಮದುವೆ ಸೀಸನ್ನಿನಲ್ಲಿ ಕ್ಯಾಟರಿಂಗಿಗೆ ಬಡಿಸಲು ಹೋಗುವವರು ಸೋಮವಾರ ಬರುವುದಿಲ್ಲ. ಎರಡಕ್ಕೂ ಕೌನ್ಸೆಲಿಂಗ್ ಬೇಕಾಗಿಲ್ಲ. ತಪ್ಪಿದ ಪಾಠದ ನೋಟ್ಸ್ ಸಿಗಬೇಕು, ಹಾಜರಿಯ ಲೆಕ್ಕ ಗೊತ್ತಿರಬೇಕು, ಅಷ್ಟೇ.

ಆ ಲೆಕ್ಕವನ್ನು ಮೊದಲ ವಾರವೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಬೇಕು. ವಾರಕ್ಕೆ ನಾಲ್ಕು ಗಂಟೆಯಂತೆ 15 ವಾರ, ಒಟ್ಟು 60 ಗಂಟೆಯ ಒಂದು ಕೋರ್ಸ್ ಎಂದುಕೊಳ್ಳಿ. ಪರೀಕ್ಷೆಗೆ ಕೂರಲು ಬೇಕಾದ ಹಾಜರಿ ಶೇ. 75 ಎಂದರೆ 45 ಗಂಟೆ ಕುಳಿತಿರಬೇಕು, 15 ತಪ್ಪಬಹುದು. ಆ ನಾಲ್ಕರಲ್ಲಿ ಎರಡು ಬೆಳಗಿನ ಮೊದಲ ಗಂಟೆಗೆ ಬಿದ್ದು, ಬಸ್ಸು ದಿನಾ ಹತ್ತು ನಿಮಿಷ ತಡವಾಗಿ ಬಂದು ಹಾಜರಿ ಸಿಗದೇ ಹೋದರೆ ತಪ್ಪಿದ್ದು 30 ಗಂಟೆ, ಹಾಜರಿ ಶೇ. 50. ಒಂದು ದಿನವೂ ರಜೆ ಹಾಕದ ಹುಡುಗಿ ಪರೀಕ್ಷೆಗೆ ಕೂರುವಂತಿಲ್ಲ! 2023ರ ಜನವರಿಯಲ್ಲಿ ಕೇರಳ ಸರಕಾರ ಮುಟ್ಟಿನ ರಜೆಯ ಲೆಕ್ಕದಲ್ಲಿ ವಿದ್ಯಾರ್ಥಿನಿಯರಿಗೆ ಶೇ. 73 ಸಾಕು ಎಂದಿತು. ಒಳ್ಳೆಯದೇ, ಆದರೆ 60 ಗಂಟೆಯಲ್ಲಿ ಅದು 44, ಅಂದರೆ ಉಳಿಯುವುದು ಒಂದು ಗಂಟೆ. ದೊಡ್ಡ ಲಾಭ ಬೇಕಾದರೆ ಟೈಮ್‌ಟೇಬಲ್ ಮಾಡುವವರು ಒಂದೇ ಕೋರ್ಸನ್ನು ಎರಡು ಸಲ ಮೊದಲ ಗಂಟೆಗೆ ಹಾಕಬಾರದು. ಇದಕ್ಕೆ ದುಡ್ಡು ಖರ್ಚಿಲ್ಲ. ಆದರೂ ಇದೇ ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಮೊದಲ ಗಂಟೆ ಯಾರಿಗೂ ಬೇಡ.

ಪಾಠದ ನೆರವಿಗೆ ಸರಕಾರದ ಸ್ಕಾಲರ್ ಸಪೋರ್ಟ್ ಪ್ರೋಗ್ರಾಂ ಉಂಟು, ಇಲ್ಲಿ ಅದು ಎಸ್‌ಎಸ್‌ಪಿ. ಗಡಿಯ ತಲಪಾಡಿ ದಾಟಿದರೆ ಎಸ್‌ಎಸ್‌ಪಿ ಎಂದರೆ ಕರ್ನಾಟಕದ ಸ್ಕಾಲರ್‌ಶಿಪ್ ಪೋರ್ಟಲ್. ಮಂಗಳೂರಿನ ಗೆಳೆಯ 'ಎಸ್‌ಎಸ್‌ಪಿಗೆ ಹಾಕಿದೆಯಾ' ಎಂದರೆ ಇಲ್ಲಿಯವರು ರೆಮಿಡಿಯಲ್ ಕ್ಲಾಸ್ ಎಂದುಕೊಳ್ಳುತ್ತಾರೆ. ಈ ಕ್ಲಾಸನ್ನು ಸಂಜೆ ನಾಲ್ಕರ ಮೇಲೆ ಇಟ್ಟರೆ ಪೆರ್ಲ, ಮುಳ್ಳೇರಿಯದಂಥ ದೂರದ ಊರಿನವರು ಯಾರೂ ಉಳಿಯುವುದಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ 30 ನಿಮಿಷವಾದರೂ ಸರಿ. ಅಲ್ಲಿ ಇಡೀ ಪಾಠವನ್ನು ಮತ್ತೆ ಓದಿ ಹೇಳಬೇಕಿಲ್ಲ. ಒಂದೊಂದು ವಿಷಯಕ್ಕೆ 40 ಪದ, ಇಂಗ್ಲಿಷ್, ಮಲಯಾಳ, ಕನ್ನಡ ಎಂದು ಮೂರು ಕಾಲಂ, ಮಲಯಾಳ ಪದವನ್ನು ಕನ್ನಡ ಲಿಪಿಯಲ್ಲಿ ಬರೆದ ಒಂದು ಹಾಳೆ. ಅದನ್ನು ಎರಡನೆಯ ವರ್ಷದ ಕನ್ನಡ ಮಾಧ್ಯಮದ ಮಕ್ಕಳಿಂದಲೇ ಮಾಡಿಸಿದರೆ ಚೆನ್ನ. ಎಲ್ಲಿ ಎಡವಿದ್ದೆವೆಂದು ಅವರಿಗೆ ಇನ್ನೂ ನೆನಪಿರುತ್ತದೆ.

ಜೊತೆಗಾರರನ್ನು ಕೊಡುವಾಗಲೂ ಸಬ್ಜೆಕ್ಟ್ ನೋಡಬೇಡಿ, ಬಸ್ಸು ನೋಡಿ. ಒಂದೇ ಬಸ್ಸಿನ ಸೀನಿಯರ್ ದಿನಾ ಸಿಗುತ್ತಾರೆ, ಒಂದೇ ಸಬ್ಜೆಕ್ಟಿನವರು ಸಿಗಬೇಕೆಂದಿಲ್ಲ.

ದುಡ್ಡಿನ ವಿಷಯದಲ್ಲಿ ಕೇರಳದ ಸ್ಕಾಲರ್‌ಶಿಪ್ ಪೋರ್ಟಲ್ ಇ-ಗ್ರಾಂಟ್ಸ್‌ನ ಅರ್ಜಿಯನ್ನು ತಡೆಯುವುದು ಹೆಚ್ಚಾಗಿ ಹೆಸರು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು. ಒಂದರಲ್ಲಿ ಇಂಗ್ಲಿಷಿನ 'ತ'ಕ್ಕೆ ಎಚ್ ಉಂಟು, ಇನ್ನೊಂದರಲ್ಲಿ ಇಲ್ಲ. ಬ್ಯಾಂಕಿನಲ್ಲಿ ಮೂರನೆಯ ರೂಪ. ಅಡ್ಮಿಷನ್ ದಿನ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿ, ತಿದ್ದುಪಡಿಗೆ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೋ ಬ್ಯಾಂಕಿಗೋ ಅಂದೇ ಕಳಿಸಬೇಕು. ಖಾತೆಗೆ ಆಧಾರ್ ಜೋಡಿಸಿದೆಯೇ ಎಂದೂ ನೋಡಿ. ಕೊರಗ ಮೊದಲಾದ ಸಮುದಾಯಗಳ ಮಕ್ಕಳ ಜೊತೆ ಜಾತಿ, ಆದಾಯದ ಸರ್ಟಿಫಿಕೇಟಿಗೆ ಯಾರಾದರೂ ವಿಲೇಜ್ ಆಫೀಸಿನವರೆಗೆ ಹೋಗುವುದು ಒಳ್ಳೆಯದು. ಚೀಟಿ ಬರೆದು ಕಳಿಸಿದರೆ ಎಷ್ಟೋ ಜನ ಹಿಂದೆ ಬರುವುದಿಲ್ಲ.

ಸರಕಾರಿ ಕಾಲೇಜುಗಳ 'ಜೀವನಿ' ಕೌನ್ಸೆಲಿಂಗ್ ಒಳ್ಳೆಯ ಯೋಜನೆ. ಕೊಠಡಿ ಪ್ರಿನ್ಸಿಪಾಲರ ಬಾಗಿಲ ಪಕ್ಕ ಇದ್ದರೆ ಮಾತ್ರ ಯಾರೂ ಒಳಗೆ ಹೋಗುವುದಿಲ್ಲ. ಲೈಬ್ರರಿ ಕಡೆಗಿರಲಿ. ಅಳುವಾಗ ಮನುಷ್ಯನಿಗೆ ಮೂರನೆಯ ಭಾಷೆ ಬರುವುದಿಲ್ಲ, ಆದ್ದರಿಂದ ತುಳು ಅಥವಾ ಕನ್ನಡ ಬಲ್ಲವರು ಯಾವ ದಿನ ಇರುತ್ತಾರೆಂದು ಬಾಗಿಲ ಮೇಲೆ ಕನ್ನಡದಲ್ಲೇ ಬರೆದಿರಬೇಕು.

ಕಾಲೇಜಿನಲ್ಲಿ ಬೇರು ಬಿಡಲು ಕನ್ನಡ ಸಂಘ ಬೇಕು, ಯಕ್ಷಗಾನವೂ ಬೇಕು. ಆದರೆ ಅದೊಂದೇ ಆದರೆ ಮಕ್ಕಳು ಮೂರು ವರ್ಷ ಒಂದೇ ಮೂಲೆಯಲ್ಲಿ ಕೂರುತ್ತಾರೆ. ಎನ್‌ಎಸ್‌ಎಸ್ ಎಂಬ ರಾಷ್ಟ್ರೀಯ ಸೇವಾ ಯೋಜನೆ ಇದಕ್ಕಿಂತ ಮೇಲು. ಏಳು ದಿನದ ಶಿಬಿರದಲ್ಲಿ ಹಾರೆ ಹಿಡಿದು ಮಣ್ಣು ಅಗೆಯುವಾಗ ಮಲಯಾಳ ತಪ್ಪಿದರೆ ಯಾರೂ ನಗುವುದಿಲ್ಲ, ಅಲ್ಲಿ ಕಲಿತ ಮಲಯಾಳ ಕ್ಲಾಸಿಗೂ ಬರುತ್ತದೆ.

ಇನ್ನು, 'ಇಷ್ಟೆಲ್ಲ ಯಾಕೆ, ಮಂಗಳೂರಿಗೆ ಹೋಗಬಾರದೇ' ಎಂದು ನೀವು ಕೇಳಬಹುದು. ಹೋಗುತ್ತಾರೆ, ತುಂಬ ಜನ. ಆದರೆ ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಅಲ್ಲಿಯ ನಿವಾಸಿಗಳಾದ ಹೆಂಗಸರಿಗೆ ಮಾತ್ರ, ಅಂತಾರಾಜ್ಯ ಬಸ್ಸಿಗೆ ಅದು ಇಲ್ಲ. 2021ರಲ್ಲಿ ತಲಪಾಡಿಯಲ್ಲಿ ಆರ್‌ಟಿ-ಪಿಸಿಆರ್ ಸರ್ಟಿಫಿಕೇಟ್ ಕೇಳಿದಾಗ ದಿನಾ ಹೋಗಿಬರುವವರ ಓದಿಗೆ ಬಿದ್ದ ಪೆಟ್ಟು ಈ ಕಡೆಯ ಮನೆಗಳಿಗೆ ಇನ್ನೂ ನೆನಪಿದೆ. ಹಾಗೆ ಹೋಗಿ ಬಿಟ್ಟುಬಂದವರು ಮರುವರ್ಷ ಇಲ್ಲಿ ಸೇರಬೇಕಾದರೆ ಮೊದಲು ಬೇಕಾಗುವುದು ಅಲ್ಲಿಯ ಟಿ.ಸಿ. ಬಾಕಿ ಫೀಸು ಕಟ್ಟದೆ ಅದು ಸಿಗುವುದು ಕಷ್ಟ, ಆದ್ದರಿಂದ ಬಿಡುವ ದಿನವೇ ಅದನ್ನು ಕೇಳಿ ತೆಗೆದುಕೊಳ್ಳಬೇಕು.