ಕಲೆಯಿಂದ ಕಲೆಗೆ ಅರ್ಧ ಅಲೆ ಮಾತ್ರ

ಮೈಕ್ರೋವೇವ್ ಓವನ್‌ನಲ್ಲಿ ಚಾಕೊಲೇಟ್ ಇಟ್ಟು ಬೆಳಕಿನ ವೇಗ ಅಳೆದು, ಅರ್ಧವೇ ಬಂತು ಅಂತ ಪೋಸ್ಟ್ ಹಾಕಿದ ಸೋಮವಾರಪೇಟೆ ಅಣ್ಣ, ನಿಮ್ಮ ಓವನ್‌ಗೆ ಏನೂ ಆಗಿಲ್ಲ, ಸುಮ್ನೆ ರಿಪೇರಿಗೆ ಕೊಡಬೇಡಿ. ಚಾಕೊಲೇಟ್ ಕರಗಿದ ಕಲೆಗಳ ನಡುವೆ 6 ಸೆಂ.ಮೀ. ಇತ್ತು, ಅದನ್ನು ಓವನ್‌ನ 2450 ಮೆಗಾಹರ್ಟ್ಜ್‌ನಿಂದ (ಅಂದರೆ ಸೆಕೆಂಡಿಗೆ 245 ಕೋಟಿ ಅಲೆ) ಗುಣಿಸಿದರೆ ಬೆಳಕಿನ ವೇಗ ಸೆಕೆಂಡಿಗೆ 1,47,000 ಕಿ.ಮೀ. ಬಂತು ಅಂದಿರಿ. ಎಲ್ಲರೂ ಎಡವುವುದು ಇಲ್ಲೇ. ಗೋಡೆಗೆ ಹೋದ ಅಲೆ, ತಿರುಗಿ ಬಂದ ಅಲೆ ಸೇರಿ ಒಳಗೆ ನಿಂತ ಅಲೆ ಆಗುತ್ತದೆ. ಕಂಬಕ್ಕೆ ಕಟ್ಟಿದ ಹಗ್ಗ ಅಲ್ಲಾಡಿಸಿದರೆ ಮೇಲೊಂದು ಉಬ್ಬು, ಕೆಳಗೊಂದು ಉಬ್ಬು ಬರುತ್ತದಲ್ಲ, ಹಾಗೆ. ಎರಡೂ ಉಬ್ಬಿನಲ್ಲಿ ಬಿಸಿಯಾಗುತ್ತದೆ. ಒಂದು ಪೂರ್ತಿ ಅಲೆಗೆ ಎರಡು ಉಬ್ಬು, ಹಾಗಾಗಿ 6 ಅಲ್ಲ, 12 ಸೆಂ.ಮೀ. ಹಾಕಿ, 2,94,000 ಕಿ.ಮೀ. ಬರುತ್ತದೆ. ಮೈಕ್ರೋವೇವ್ ಕೂಡ ಬೆಳಕಿನ ಜಾತಿಯದ್ದೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಆದರೆ ನೀವು ಹಾಕಿದ ಫೋಟೋದಲ್ಲಿ ಗೋಡಂಬಿ, ಒಣದ್ರಾಕ್ಷಿ ಕಾಣುತ್ತಿದೆ! ಮಡಿಕೇರಿಯ ಹೋಮ್‌ಮೇಡ್ ಚಾಕೊಲೇಟ್ ತಿನ್ನಲು ಸೈ, ಅಳತೆಗೆ ಬೇಡ. ಡೈರಿ ಮಿಲ್ಕ್ ಪರವಾಗಿಲ್ಲ, ಆದರೆ ಎರಡು ಸೆಕೆಂಡ್ ಜಾಸ್ತಿಯಾದರೆ ಕಲೆಗಳು ಒಂದಕ್ಕೊಂದು ಸೇರಿಬಿಡುತ್ತವೆ. ನನ್ನನ್ನು ಕೇಳಿದರೆ ಉದ್ದಿನ ಹಪ್ಪಳ. ಲಿಜ್ಜತ್ ಸಾಕು, ತೆಳ್ಳಗಿರುತ್ತದೆ. ತಟ್ಟೆ ತುಂಬ ಹಾಸಿ. ಬಿಸಿ ಹಿಡಿದ ಕಡೆ ಮಾತ್ರ ಬೆಳ್ಳಗೆ ಉಬ್ಬುತ್ತದೆ, ಉಳಿದದ್ದು ಹಸಿಯಾಗಿಯೇ ಇರುತ್ತದೆ. ನಮ್ಮ ಮಳೆಗಾಲದಲ್ಲಿ ಮೆತ್ತಗಾದ ಹಪ್ಪಳ ಆದರೂ ನಡೆಯುತ್ತದೆ, ಈ ಅಲೆಗೆ ಬೇಗ ಕಾಯುವುದು ನೀರೇ ತಾನೆ. ಉಬ್ಬಿನ ನಡುವಿನಿಂದ ಉಬ್ಬಿನ ನಡುವಿಗೆ ಅಳೆಯಿರಿ, ಓರೆಯಾಗಿ ಅಲ್ಲ. ಒಂದೇ ಜೋಡಿ ನಂಬಬೇಡಿ. ಒಳಗೆ ಅಲೆ ಮೂರೂ ದಿಕ್ಕಿಗೆ ಬಡಿಯುತ್ತದೆ, ಕೆಲವು ಕಲೆ ಅಡ್ಡಾದಿಡ್ಡಿ ಬಿದ್ದಿರುತ್ತವೆ. ಅಳತೆ ಮುಗಿದ ಮೇಲೆ ಹಸಿ ಉಳಿದದ್ದನ್ನು ಕರಿದುಕೊಳ್ಳಿ.

ಓವನ್‌ನ ತಿರುಗುವ ಗಾಜಿನ ತಟ್ಟೆ ತೆಗೆಯಲೇಬೇಕು, ತಿರುಗಿದರೆ ಕಲೆ ಒಂದೇ ಕಡೆ ಮೂಡುವುದಿಲ್ಲ. ನಡುವಿನ ತಿರುಗಣೆಯ ಮೇಲೆ ಪಿಂಗಾಣಿ ಬಟ್ಟಲು ಬೋರಲು ಹಾಕಿ, ತಿರುಗಣೆಗೆ ತಾಗದ ಹಾಗೆ. ಹಪ್ಪಳದ ತಟ್ಟೆ ಆ ಬಟ್ಟಲಿನ ಮೇಲೆ ಇಡಿ. ಗ್ರಿಲ್, ಕನ್ವೆಕ್ಷನ್ ಒತ್ತಬೇಡಿ. ಸ್ಟೀಲ್ ತಟ್ಟೆ ಇಡಬೇಡಿ, ಖಾಲಿ ಓಡಿಸಬೇಡಿ. ಇಪ್ಪತ್ತು ಸೆಕೆಂಡ್ ಸಾಕು, ಎದುರಿಗೇ ನಿಂತಿರಿ.

ಕೆಳಗೆ ಕಾಮೆಂಟಿನಲ್ಲಿ ಒಬ್ಬರು "ಬೆಳಕಿನ ವೇಗದ ಬಗ್ಗೆ ಪುಸ್ತಕದ ಲೆಕ್ಕವೇ ತಪ್ಪಿರಬಹುದು" ಅಂದಿದ್ದಾರೆ. ಸ್ವಾಮಿ, 1849ರಲ್ಲೇ ಫ್ರಾನ್ಸಿನ ವಿಜ್ಞಾನಿ ಫಿಜೋ ಹಲ್ಲಿನ ಚಕ್ರ ತಿರುಗಿಸಿ, 8 ಕಿ.ಮೀ.ಗಿಂತ ದೂರದ ಕನ್ನಡಿಗೆ ಬೆಳಕು ಬಿಟ್ಟು ಸೆಕೆಂಡಿಗೆ ಸುಮಾರು 3,13,000 ಕಿ.ಮೀ. ತೆಗೆದಿದ್ದ. 1983ರಿಂದ ಮೀಟರನ್ನೇ ಬೆಳಕಿನ ವೇಗದಿಂದ ನಿರ್ಧರಿಸುತ್ತಾರೆ. ಸೆಕೆಂಡಿಗೆ 29,97,92,458 ಮೀಟರ್, ಅದು ಅಲುಗುವುದಿಲ್ಲ. ವ್ಯತ್ಯಾಸ ಬಂದರೆ ನಿಮ್ಮ ಸ್ಕೇಲ್ ನೋಡಿ, ಓವನ್ ಹಿಂದಿನ ಸ್ಟಿಕ್ಕರ್‌ನಲ್ಲಿರುವ ಮೆಗಾಹರ್ಟ್ಜ್ ನೋಡಿ.

ಕಾಮೆಂಟಿನಲ್ಲಿ ಫೈಬರ್ ನೆಟ್ ನಿಧಾನ ಅಂದವರಿಗೆ: ಫೈಬರ್‌ನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ 2 ಲಕ್ಷ ಕಿ.ಮೀ. ಆಸುಪಾಸು ಓಡುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಒಂದು ಮಿಲಿಸೆಕೆಂಡೂ ಬೇಡ. ಮರ ಬಿದ್ದು ಕೇಬಲ್ ಹರಿದದ್ದಕ್ಕೆ ಬೆಳಕನ್ನು ಬೈದರೆ ಹೇಗೆ?