ಓದುಗರ ಪ್ರಶ್ನೆ: ಕಲ್ಲು ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು?

ಪ್ರಶ್ನೆ: ಕಂಚಿಯಲ್ಲಾದ ಅವಮಾನ ಸಹಿಸದೆ ಕದಂಬ ವಂಶದ ಮಯೂರಶರ್ಮನು ಕನ್ನಡಿಗರ ಮೊದಲ ರಾಜ್ಯವನ್ನು ಕಟ್ಟಿದನೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಆ ಕಥೆಯಿರುವ ಶಾಸನ ಸಂಸ್ಕೃತದ್ದು, ಬನವಾಸಿಯ ನಾಗಶಿಲೆಯ ಬರಹ ಪ್ರಾಕೃತದ್ದು ಎಂದು ಪರಿಚಿತರೊಬ್ಬರು ವಾದಿಸುತ್ತಾರೆ. ಹಾಗಾದರೆ ನಾವು ಕಲಿತದ್ದು ಕಟ್ಟುಕಥೆಯೇ? (ಶಿರಸಿಯ ಓದುಗರು)

ಉತ್ತರ: ಕಟ್ಟುಕಥೆಯಲ್ಲ, ಆದರೆ ನೀವು ಕಲಿತ ವಾಕ್ಯದಲ್ಲಿ ಎರಡು ಕಾಲದ ಮಾತುಗಳು ಬೆರೆತಿವೆ. ಕಂಚಿಯ ಪ್ರಸಂಗ ಬರುವುದು ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದಲ್ಲಿ. ಅದನ್ನು ರಚಿಸಿದವನು ಕುಬ್ಜನೆಂಬ ಕವಿ. ಕಾಲ ಕದಂಬ ಅರಸ ಶಾಂತಿವರ್ಮನದು, ಎಂದರೆ ಘಟನೆ ನಡೆದು ಸುಮಾರು ನೂರು ವರ್ಷಗಳ ಮೇಲೆ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಎಂದರೆ ವಿದ್ಯಾಕೇಂದ್ರಕ್ಕೆ, ಓದಲು ಹೋದ ಮಯೂರಶರ್ಮನಿಗೆ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಯಿತು, ದರ್ಭೆ ಸಮಿತ್ತು ಹಿಡಿದು ರೂಢಿಯಿದ್ದ ಕೈ ಕತ್ತಿ ಹಿಡಿಯಿತು ಎಂದು ಅದು ಹೇಳುತ್ತದೆ. ಅಲ್ಲಿ ಅವನ ಸಂಕಟ ಕ್ಷತ್ರಿಯರ ಮುಂದೆ ಬ್ರಾಹ್ಮಣ್ಯ ಬಲಹೀನವಾಯಿತಲ್ಲ ಎಂಬುದು. ಕನ್ನಡದ ಮಾತು ಅಲ್ಲಿಲ್ಲ. ಅದು ವಂಶಜರ ಆಸ್ಥಾನದ ಪ್ರಶಸ್ತಿ, ಎಂದರೆ ಅರಸರನ್ನು ಹೊಗಳುವ ಕಾವ್ಯ. ಪ್ರಶಸ್ತಿಯನ್ನು ಪ್ರಶಸ್ತಿಯಾಗಿಯೇ ಓದಬೇಕು.

'ಕನ್ನಡಿಗರ ಮೊದಲ ರಾಜ್ಯ' ಎಂಬುದು ನಮ್ಮ ಕಾಲದ ಪ್ರಶ್ನೆಗೆ ದೊರೆತ ಉತ್ತರ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಜನಕ್ಕೆ ಎಲ್ಲರೂ ನಮ್ಮವನೆನ್ನಬಹುದಾದ ಒಬ್ಬ ಪೂರ್ವಜ ಬೇಕಾಗಿದ್ದ. ಕಾರವಾರದ ನೌಕಾನೆಲೆಗೂ ಕದಂಬರ ಹೆಸರೇ ಬಂದಿದೆ. ಇದರಲ್ಲಿ ತಪ್ಪೇನೂ ಇಲ್ಲ, ನಿರಾಧಾರವೂ ಅಲ್ಲ: ಸುಮಾರು ಕ್ರಿ.ಶ. 450ರ ಹಲ್ಮಿಡಿಯ ಕನ್ನಡ ಶಾಸನ ಕದಂಬ ಕಾಕುಸ್ಥನ ಹೆಸರು ಹೇಳುತ್ತದೆ.

ಇನ್ನು ನಿಮ್ಮ ಪರಿಚಿತರ ವಾದ. ಬನವಾಸಿಯ ಮಧುಕೇಶ್ವರ ದೇವಾಲಯದ ಐದು ಹೆಡೆಯ ನಾಗಶಿಲೆಯನ್ನು ನೋಡಲು ಹೋದವರು ಹೆಡೆಗೆ ಕೈಮುಗಿದು ಹೊರಟುಬಿಡುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಬ್ರಾಹ್ಮೀ ಅಕ್ಷರಗಳಿರುವುದು ಕಲ್ಲಿನ ಅಂಚಿನಲ್ಲಿ. ಕದಂಬರಿಗಿಂತ ಮೊದಲು ಬನವಾಸಿಯನ್ನಾಳಿದ ಚುಟು ವಂಶದ ಅರಸನ ಕಾಲದಲ್ಲಿ ನಾಗಶ್ರೀ ಎಂಬವಳು ನಾಗಪ್ರತಿಮೆ, ಕೆರೆ ಮತ್ತು ವಿಹಾರವನ್ನು ಮಾಡಿಸಿದಳು, ಪ್ರತಿಮೆಯನ್ನು ಕಡೆದವನು ನಟಕ ಎಂದು ಅದು ತಿಳಿಸುತ್ತದೆ. ಭಾಷೆ ಪ್ರಾಕೃತವೇ ನಿಜ. ಆದರೆ ದಾನಪತ್ರದ ಭಾಷೆ ಮನೆಮಾತೇ ಆಗಿರಬೇಕೆಂದಿಲ್ಲ: ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ ಆಡುವವರ ಗದ್ದೆಯ ಪಹಣಿ ಕನ್ನಡದಲ್ಲಿದೆ. ಮುಂದೊಂದು ಕಾಲಕ್ಕೆ ಆ ಪಹಣಿಯೊಂದೇ ಉಳಿದರೆ ಅಲ್ಲಿ ಕೊಂಕಣಿಯೇ ಇರಲಿಲ್ಲವೆಂದು ಯಾರಾದರೂ ಬರೆದಾರು.

ಹೊಸ ಶಾಸನ ಸಿಕ್ಕಾಗ ಹಳೆಯ ಓದು ಬದಲಾಗುವುದೂ ಉಂಟು. ತಾಳಗುಂದದ ವೀರಶರ್ಮನನ್ನು ವಿದ್ವಾಂಸರು ಬಹುಕಾಲ ಮಯೂರಶರ್ಮನ ಗುರುವೆಂದಷ್ಟೇ ತಿಳಿದಿದ್ದರು. ನಿಮ್ಮ ತಾಲೂಕಿನದೇ ಗುಡ್ನಾಪುರದಲ್ಲಿ ಕದಂಬ ಅರಸ ರವಿವರ್ಮನ ಶಾಸನ ಸಿಕ್ಕ ಮೇಲೆ ಅವನು ಅಜ್ಜನೆಂದೂ ತಂದೆಯ ಹೆಸರು ಬಂಧುಷೇಣನೆಂದೂ ಗೊತ್ತಾಯಿತು. ಅಜ್ಜನೇ ಮೊಮ್ಮಗನನ್ನು ಕಂಚಿಗೆ ಕರೆದೊಯ್ದನೆಂದರೆ ಆ ಪ್ರಯಾಣದ ಚಿತ್ರವೇ ಬೇರೆಯಾಗುತ್ತದಲ್ಲವೇ?

ಪ್ರಶ್ನೆ: ತೋಟದ ಕಾಲುವೆ ತೋಡುವಾಗ ಅಕ್ಷರಗಳಿರುವ ವೀರಗಲ್ಲು ಸಿಕ್ಕಿದೆ. ಪೋರ್ತುಗೀಸರೊಡನೆ ಹೋರಾಡಿದ ವೀರನದೆಂದು ಊರವರು ನಂಬಿದ್ದಾರೆ. ಅಕ್ಷರ ಸ್ಪಷ್ಟವಾಗಲು ಬಣ್ಣ ತುಂಬಬಹುದೇ? (ಕುಮಟಾದ ಓದುಗರು)

ಉತ್ತರ: ದಯವಿಟ್ಟು ಬಣ್ಣ ಬೇಡ, ಸುಣ್ಣವೂ ಬೇಡ, ತಂತಿ ಬ್ರಷ್ ಅಂತೂ ಬೇಡವೇ ಬೇಡ. ಬಣ್ಣ ತುಂಬುವವರು ತಮಗೆ ಕಂಡ ಅಕ್ಷರವನ್ನು ತುಂಬುತ್ತಾರೆ, ಆಮೇಲೆ ಓದುವವನಿಗೆ ಕಲ್ಲಿನ ಅಕ್ಷರ ಸಿಗುವುದಿಲ್ಲ. ನೀರಿನಿಂದ ಮಣ್ಣು ತೊಳೆದು, ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ಕೆಲಸವನ್ನು ಬಲ್ಲವರಿಗೆ ಬಿಡಿ. ಪುರಾತತ್ವ ಇಲಾಖೆಗೆ ತಿಳಿಸಿ. ಕಲ್ಲು ಸಿಕ್ಕ ಜಾಗವನ್ನು ಗುರುತಿಸದೆ ಅದನ್ನು ದೇವಸ್ಥಾನದ ಕಟ್ಟೆಗೆ ಸಾಗಿಸಬೇಡಿ.

ಪೋರ್ತುಗೀಸರ ವಿಷಯವನ್ನು ಶಾಸನದ ಕಾಲವೇ ತೀರ್ಮಾನಿಸುತ್ತದೆ. ಶಕವರ್ಷ ಓದಲು ಬಂದರೆ ಅದಕ್ಕೆ 78 ಕೂಡಿಸಿ. ಮೊತ್ತ 1498ಕ್ಕಿಂತ ಕಡಿಮೆಯಾದರೆ, ವಾಸ್ಕೋ ಡ ಗಾಮ ಈ ಕರಾವಳಿಯನ್ನು ಕಾಣುವ ಮೊದಲೇ ನಿಮ್ಮ ವೀರ ತೀರಿಕೊಂಡಿದ್ದಾನೆ. ಅವನು ಸತ್ತದ್ದು ದನಗಳನ್ನು ಬಿಡಿಸಿ ತರುವ ಜಗಳದಲ್ಲೂ ಇದ್ದೀತು.